ಮೋವಾನ್ ದ್ವೀಪದ ಕಾವಲು

ಅಖನಾರಿ, 5 ಮೇ 1936

ಅಣ್ಣಾ,

ಮೂರು ತಿಂಗಳಿಂದ ಕಾಗದ ಹಾಕಲಿಲ್ಲವೆಂದು ಮುನಿಸಿಕೊಳ್ಳಬೇಡ. ಬರೆಯುವಂಥದ್ದು ಏನೂ ಇರಲಿಲ್ಲ. ಈಗ ಇದೆ.

ಜಿಲ್ಲಾ ಕೌನ್ಸಿಲ್ಲಿನವರು ನಮ್ಮ ದೋಣಿಕಟ್ಟೆಯ ಕಂಬಕ್ಕೆ ಒಂದು ನೋಟೀಸು ಹೊಡೆದು ಹೋಗಿದ್ದಾರೆ. ಇಂಗ್ಲಿಷಿನಲ್ಲಿದೆ, ಶಾಲೆಯ ಟೀಚರಮ್ಮನ ಹತ್ತಿರ ಓದಿಸಿದೆ. ಮೋವಾನ್ ದ್ವೀಪದ ಸ್ಮಶಾನ ಮುಚ್ಚಿದೆಯಂತೆ, ಇನ್ನು ಯಾರನ್ನೂ ಅಲ್ಲಿ ಹೂಳುವಂತಿಲ್ಲವಂತೆ. ಮಣ್ಣು ತೆಳು, ನೀರಿಗೆ ಹತ್ತಿರ ಎಂಬುದು ಒಂದು ಕಾರಣ. ಇನ್ನೊಂದು ಕಾರಣ, ಎಡಿನ್‌ಬರೋದ ಯಾವುದೋ ಸಂಘ ಅದನ್ನು ನೋಡತಕ್ಕ ಸ್ಥಳವೆಂದು ವಹಿಸಿಕೊಂಡಿದೆ. ಸಂತ ಮೋವಾನನ ಹಳೇ ಚರ್ಚಿನ ಮುರುಕು ಗೋಡೆಗಳಿಗೆ ಗಾರೆ ಬಿದ್ದಿದೆ. ಹೆಣದ ಹಾದಿಯ ನೆತ್ತಿಯಲ್ಲಿ, ನಮ್ಮ ಗಂಡಸರು ಪೆಟ್ಟಿಗೆ ಇಳಿಸಿ ಒಂದು ಗುಟುಕು ವಿಸ್ಕಿ ಕುಡಿದು ಗುಡ್ಡೆಗೊಂದು ಕಲ್ಲು ಹಾಕಿ ಹೊರಡುತ್ತಿದ್ದರಲ್ಲ, ಅಲ್ಲಿ ಬೆಂಚು ಹಾಕಿದ್ದಾರೆ. ಪಟ್ಟಣದವರು ಅದರ ಮೇಲೆ ಕೂತು ಸರೋವರ ಎಷ್ಟು ಚೆನ್ನಾಗಿದೆ ಎನ್ನುತ್ತಾರೆ. ಅವರನ್ನು ದ್ವೀಪಕ್ಕೆ ದಾಟಿಸುವ ಕೆಲಸ ನನಗೇ ಬಂದಿದೆ. ಊರಿನಲ್ಲಿ ಬೇರೆ ಯಾರಿಗೆ ದೋಣಿ ಇದೆ? ಗಂಡ ಬಿಟ್ಟುಹೋದದ್ದು ಅದೊಂದೇ.

ಗಾರೆಯ ಮೇಲೂ ಬೆಂಚಿನ ಮೇಲೂ ನನಗೇನೂ ಸಿಟ್ಟಿಲ್ಲ. ಆದರೆ ಆ ದ್ವೀಪದಲ್ಲಿ ಕೊನೆಯದಾಗಿ ಮಣ್ಣಿಗೆ ಹೋದವಳು ನನ್ನ ಮಾರ್ಸಲಿ. ಆಮೇಲೆ ರಸ್ತೆ ಪಕ್ಕದಲ್ಲಿ ಹೊಸ ಸ್ಮಶಾನ ಆಯಿತು, ಹೊರುವ ಕಷ್ಟವಿಲ್ಲವೆಂದು ಸತ್ತವರೆಲ್ಲ ಅಲ್ಲಿಗೇ ಹೋದರು. ಕೊನೆಗೆ ಬಂದವರು ಗೇಟಿನಲ್ಲಿ ಕಾವಲು ನಿಲ್ಲಬೇಕು, ಇನ್ನೊಬ್ಬರು ಬರುವವರೆಗೆ ಒಳಗಿರುವವರಿಗೆಲ್ಲ ನೀರು ಹೊತ್ತು ತರಬೇಕು ಎಂದು ನಿನಗೆ ನಾನು ಹೇಳಿಕೊಡಬೇಕಾಗಿಲ್ಲ. ನಮ್ಮಜ್ಜಿ ಹೇಳುವಾಗ ನನ್ನ ಪಕ್ಕದಲ್ಲೇ ಕೂತು ಬಾಯಿ ಬಿಟ್ಟುಕೊಂಡು ಕೇಳಿದವನು ನೀನು. ಏಳು ವರ್ಷದ ಕೂಸು, ಅಣ್ಣಾ. ಒಂಬೈನೂರು ವರ್ಷದ ಹೆಣಗಳಿಗೆ ನೀರು ಹೊರುತ್ತಿದೆ.

ಇಷ್ಟು ದಿನ ನನಗೊಂದು ಆಸೆ ಇತ್ತು. ತೊಂಬತ್ತು ದಾಟಿದ ಬೇಹಗ್ ಅಜ್ಜಿ ಮಾತು ಕೊಟ್ಟಿದ್ದಳು. “ನಂದಿನ್ನೆಷ್ಟು ದಿನ ಕಣೆ? ನನ್ನ ಗಂಡನ ಪಕ್ಕ ಜಾಗ ಐತೆ, ನಾನು ಅಲ್ಲಿಗೇ ಹೋಗೋದು. ಹೋದ ಕೂಡ್ಲೆ ನಿನ್ನ ಕೂಸಿನ ಕೈಲಿರೋ ಬಕೆಟ್ಟು ಇಸ್ಕೊಂಡು ಒಳಗೆ ಕಳಿಸ್ತೀನಿ. ಜೀವಮಾನ ಪೂರ್ತಿ ನೀರು ಹೊತ್ತೋಳು, ನನಗೇನು ಹೊಸದಾ?” ಎಂದಿದ್ದಳು. ಈಗ ಅವಳನ್ನೂ ಬಿಡುವುದಿಲ್ಲವಂತೆ.

ನಿನಗೆ ಇಂಗ್ಲಿಷ್ ಬರುತ್ತದೆ. ಅಜ್ಜಿಯ ಹೆಸರಿನಲ್ಲಿ ಕೌನ್ಸಿಲ್ಲಿಗೆ ಒಂದು ಅರ್ಜಿ ಬರೆದು ಕಳಿಸು. ಊರಿನಿಂದ ಎರಡು ಹೆಣ ಒಟ್ಟಿಗೆ ಹೊರಟ ಆ ದಿನದ ಸುದ್ದಿ ನಾನು ಎತ್ತುವುದಿಲ್ಲ. ನೀನು ಓಡಲು ಒಪ್ಪದೆ ನನ್ನ ಮಗಳು ಎರಡನೆಯವಳಾದಳು ಎಂದು ಊರೆಲ್ಲ ಹೇಳಿದರೂ ಎರಡು ವರ್ಷ ಹಲ್ಲು ಕಚ್ಚಿಕೊಂಡಿದ್ದೇನೆ, ಇನ್ನೂ ಕಚ್ಚಿಕೊಳ್ಳುತ್ತೇನೆ. ಅರ್ಜಿ ಮಾತ್ರ ಬರೆ.

ಎಫಿ


ವೆಲಿಂಗ್ಟನ್, 24 ಜೂನ್ 1936

ತಂಗಿ ಎಫಿಗೆ,

ಅರ್ಜಿ ಇದರೊಳಗಿದೆ. ಆದಷ್ಟು ನಯವಾಗಿ ಬರೆದಿದ್ದೇನೆ. ಗಂಡನ ಪಕ್ಕದಲ್ಲಿ ಮಲಗಬೇಕೆಂಬ ಮುದುಕಿಯ ಆಸೆ ಎಂದಷ್ಟೇ ಹೇಳಿದ್ದೇನೆ, ಕಾವಲಿನ ಮಾತು ಎತ್ತಿಲ್ಲ. ಎತ್ತಿದರೆ ಆಫೀಸಿನಲ್ಲಿ ನಕ್ಕು ಮೂಲೆಗೆ ಎಸೆಯುತ್ತಾರೆ. ಅಕ್ಷರ ಸೊಟ್ಟಗಿದ್ದರೆ ಬೈಯಬೇಡ, ಬೆರಳಿಗೆ ಉಳಿ ತಾಗಿದೆ.

ಅರ್ಜಿ ಬರೆದುಕೊಟ್ಟೆ ಎಂದು ನಾನು ಅದನ್ನೆಲ್ಲ ನಂಬುತ್ತೇನೆ ಎಂದುಕೊಳ್ಳಬೇಡ. ಸತ್ತವರಿಗೆ ಬಾಯಾರಿಕೆಯಿಲ್ಲ ಎಫಿ. ಮಾರ್ಸಲಿ ಯಾವ ಗೇಟಿನಲ್ಲೂ ನಿಂತಿಲ್ಲ. ನಮ್ಮ ಪಾದ್ರಿಯನ್ನೇ ಕೇಳು, ಅವರಿಗೂ ನನಗೂ ಒಪ್ಪಿಗೆಯಿರುವುದು ಇದೊಂದೇ ವಿಷಯದಲ್ಲಿ. ಆ ದಿನದ ಸುದ್ದಿ ಎತ್ತುವುದಿಲ್ಲ ಎಂದು ಬರೆದು ಎತ್ತಿಯೇ ಬಿಟ್ಟಿದ್ದೀಯ. ನಾನು ಆವತ್ತು ಹೇಳಿದ್ದನ್ನೇ ಈಗಲೂ ಹೇಳುತ್ತೇನೆ, ಹೆಣ ಹೊತ್ತು ಓಡುವುದು ಮನುಷ್ಯರು ಮಾಡುವ ಕೆಲಸವಲ್ಲ.

ಇಲ್ಲಿ ಈಗ ಚಳಿಗಾಲ, ಎಲ್ಲ ತಲೆಕೆಳಗು. ಗುಡ್ಡದ ಮೇಲೆ ಮರದ ಮನೆ ಕಟ್ಟುತ್ತಿದ್ದೇವೆ. ಗಾಳಿ ಬೀಸಿದರೆ ಮೊಳೆಗಳೂ ದೇವರನ್ನು ನೆನೆಯುತ್ತವೆ. ನಾನಿರುವ ಮನೆಯ ಯಜಮಾನಿ ಮಿಸೆಸ್ ಟಲ್ಲಿ ದಿನವೂ ಕುರಿಮಾಂಸ ಬೇಯಿಸುತ್ತಾಳೆ, ನಾನು ತಟ್ಟೆಯಲ್ಲಿ ಬಿಡುತ್ತೇನೆಂದು ದಿನವೂ ಬೈಯುತ್ತಾಳೆ. ನಿನ್ನನ್ನು ನೆನೆಸಿಕೊಳ್ಳಲು ಅಷ್ಟು ಸಾಕು.

ಲಾಕ್ಲನ್


ಅಖನಾರಿ, 31 ಆಗಸ್ಟ್ 1936

ಅಣ್ಣಾ,

ಕೌನ್ಸಿಲ್ಲಿನಿಂದ ಉತ್ತರ ಬಂತು, ಎರಡೇ ಸಾಲು. ಆಗುವುದಿಲ್ಲವಂತೆ. ಒಬ್ಬರಿಗೆ ಬಿಟ್ಟರೆ ಎಲ್ಲರಿಗೂ ಬಿಡಬೇಕಾಗುತ್ತದಂತೆ. ಎಲ್ಲರಿಗೂ ಬಿಟ್ಟರೆ ಇವರ ಅಪ್ಪನ ಮನೆಯ ಗಂಟೇನು ಹೋಗುತ್ತದೆ?

ಬೇಸಿಗೆಯುದ್ದಕ್ಕೂ ಹುಟ್ಟು ಹಾಕಿ ನನ್ನ ರಟ್ಟೆ ಬಿದ್ದುಹೋಗಿದೆ. ಸಂಘದ ಪಿಟ್‌ಕೆರ್ನ್ ಸಾಹೇಬರು ತಿಂಗಳಿಗೊಮ್ಮೆ ಬರುತ್ತಾರೆ. ಒಳ್ಳೆಯ ಮನುಷ್ಯ. ನಮ್ಮ ಗೇಲಿಕ್ ಭಾಷೆ ಕಲಿತಿದ್ದಾರೆ, ಆದರೆ ಪುಸ್ತಕದಿಂದ ಕಲಿತದ್ದು. ಅವರು ಬಾಯಿ ತೆರೆದರೆ ನೂರು ವರ್ಷದ ಹಿಂದಿನ ಪಾದ್ರಿ ಎದ್ದು ಬಂದು ಮಾತಾಡಿದ ಹಾಗಿರುತ್ತದೆ. ಅವರಿಗೆ ಯಾರೋ ಕಾವಲಿನ ವಿಷಯ ಹೇಳಿದ್ದಾರೆ. ದೋಣಿಯಲ್ಲಿ ನನ್ನೆದುರು ಕೂತು, “ತಾಯೀ, ಅಲ್ಲಿ ಕಟ್ಟಕಡೆಗೆ ಭೂಮಿಗಿಳಿದವರು ಯಾರೆಂದು ತಿಳಿಸುವಿರಾ?” ಎಂದು ಕೇಳಿದರು.

ಮಗಳ ಹೆಸರು ಹೇಳಲಾರದೆ, ಆವತ್ತು ಅವಳಿಗಿಂತ ಮೊದಲು ದಾಟಿದವನ ಹೆಸರು ಹೇಳಿಬಿಟ್ಟೆ. “ಟೋರ್ಕಿಲ್ ಅಂತ ಒಬ್ಬ ಮುದುಕ. ತೊಂಬತ್ತೊಂದು ವರ್ಷ ಆಗಿತ್ತು” ಎಂದೆ.

ಅವರಿಗೆ ಖುಷಿಯಾಯಿತು. ಈಗ ಅಚ್ಚಾದ ಹಾಳೆಯಲ್ಲಿ ಹಾಗೇ ಬಂದಿದೆ. ಬಿಳಿ ಗಡ್ಡದ ಟೋರ್ಕಿಲ್ ಗೇಟಿನಲ್ಲಿ ನಿಂತು ಸರೋವರವನ್ನು ಕಾಯುತ್ತಿದ್ದಾನಂತೆ. ಓದಿದವರೆಲ್ಲ ಗೇಟಿಗೆ ಕೈಮಾಡಿ ನಗುತ್ತಾರೆ. ನಾನು ಹೇಳಿದ ಸುಳ್ಳು ನಿಜವಾಗಬಾರದಿತ್ತೇ ಎಂದು ಹುಟ್ಟು ಹಾಕುತ್ತ ಎಷ್ಟು ಸಲ ಬೇಡಿಕೊಂಡಿದ್ದೇನೋ.

ಹೋದ ವಾರ ಒಬ್ಬ ಹುಡುಗಿ ಬಂದಿದ್ದಳು, ಹಳದಿ ಕೋಟು, ಏಳೆಂಟು ವರ್ಷ. ಅಪ್ಪ ಫೋಟೋ ತೆಗೆಯಲೆಂದು ಗೇಟಿನಲ್ಲಿ ಕೋಲು ಹಿಡಿದು ಸಿಪಾಯಿಯ ಹಾಗೆ ನಿಂತಳು. ನನಗೆ ಏನಾಯಿತೋ ಗೊತ್ತಿಲ್ಲ. ರಟ್ಟೆ ಹಿಡಿದು ಎಳೆದು, “ಅಲ್ಲಿ ನಿಲ್ಬೇಡ, ಅದು ನಿನ್ನ ಜಾಗ ಅಲ್ಲ!” ಎಂದು ಕೂಗಿದೆ. ಭಾಷೆ ತಿಳಿಯದಿದ್ದರೂ ಮಗು ಹೆದರಿ ಅತ್ತಿತು.

ನೀನು ನಂಬುವುದಿಲ್ಲ, ಸರಿ. ನಂಬದವನಿಗೆ ಓಡಿದರೇನು, ನಡೆದರೇನು? ನಂಬುವ ತಂಗಿಗಾಗಿ ಇನ್ನೂರು ಗಜ ಓಡಿದ್ದರೆ ನಿನ್ನ ಕಾಲೇನು ಸವೆಯುತ್ತಿತ್ತು? ನಾವು ಹೆಂಗಸರು ಬಾಗಿಲವರೆಗೆ ಮಾತ್ರ ಬರುವವರು, ಮುಂದಿನ ಹಾದಿ ಗಂಡಸರದ್ದು. ನಿನ್ನನ್ನು ನಂಬಿ ಬಾಗಿಲಲ್ಲಿ ನಿಂತೆ.

ಎಫಿ


ವೆಲಿಂಗ್ಟನ್, 20 ಅಕ್ಟೋಬರ್ 1936

ಎಫಿಗೆ,

ಆ ಹಾಳು ಪ್ರವಾಸಿಗಳ ಸಹವಾಸ ನಿನ್ನ ತಲೆ ಕೆಡಿಸುತ್ತಿದೆ. ದಿನ ಬೆಳಗಾದರೆ ಆ ಗೇಟಿನ ಮುಂದೆ ಹುಟ್ಟು ಹಾಕಿದರೆ ಯಾರಿಗಾದರೂ ಹೀಗೇ ಆಗುತ್ತದೆ. ದೋಣಿಯನ್ನು ಸಂಘದವರಿಗೆ ಕೊಟ್ಟು ಇಲ್ಲಿಗೆ ಬಂದುಬಿಡು. ಮಿಸೆಸ್ ಟಲ್ಲಿಯ ಮನೆಯಲ್ಲಿ ಒಂದು ಕೋಣೆ ಖಾಲಿಯಿದೆ, ಬೇಗನೆ ಇನ್ನೊಂದೂ ಖಾಲಿಯಾಗಬಹುದು. ಇಲ್ಲಿ ಯಾರೂ ಯಾರ ಹಿಂದೆಯೂ ಹೆಣ ಹೊತ್ತು ಓಡುವುದಿಲ್ಲ, ಮೋಟಾರಿನಲ್ಲಿ ಒಯ್ಯುತ್ತಾರೆ.

ಕೆಲಸಕ್ಕೆ ಹೋಗಿ ಮೂರು ವಾರವಾಯಿತು. ಮಳೆ. ಕೂತಲ್ಲೇ ಕೂತು ಮೈ ಇಳಿದಿದೆ.

ಒಂದು ಶಾಲು ಕಳಿಸಿದ್ದೇನೆ. ಬಣ್ಣ ಹಿಡಿಸದಿದ್ದರೆ ಬೇಹಗ್ ಅಜ್ಜಿಗೆ ಕೊಡು.

ಲಾಕ್ಲನ್


ಅಖನಾರಿ, 14 ಡಿಸೆಂಬರ್ 1936

ಲಾಕ್ಲನ್,

ಶಾಲನ್ನು ಅಜ್ಜಿಗೇ ಕೊಟ್ಟೆ. ಹೊದ್ದುಕೊಂಡು ಹೋದಳು.

ಡಿಸೆಂಬರ್ ಮೊದಲ ವಾರ ಜ್ವರ ಬಂತು, ನಾಲ್ಕು ದಿನ ಮಲಗಿದ್ದಳು. ಅರ್ಜಿ ಆಗಲಿಲ್ಲವೆಂದು ನಾನು ಅವಳಿಗೆ ಹೇಳಿರಲಿಲ್ಲ. ಅವಳಿಗೆ ಹೇಗೋ ಗೊತ್ತಾಗಿತ್ತು. ನನ್ನ ಕೈ ಹಿಡಿದು, “ಕೂಸಿಗೆ ಹೇಳೇ, ಅಜ್ಜಿ ಹೊರಟೇ ಇದ್ಲು, ದಾರಿ ಮುಚ್ಚಿದ್ರು ಅಂತ” ಎಂದಳು. ಅದೇ ಕೊನೆಯ ಮಾತು. ತನ್ನ ಗಂಡನ ಹೆಸರು ಕೂಡ ಹೇಳಲಿಲ್ಲ.

ಕಲ್ಲಿದ್ದಲಿನ ಲಾರಿಯನ್ನು ತೊಳೆದು ಅದರಲ್ಲಿ ಒಯ್ದರು. ರಸ್ತೆ ಪಕ್ಕದ ಸ್ಮಶಾನ, ತಂತಿಬೇಲಿ. ಹೊರುವ ಕೆಲಸವಿಲ್ಲದ್ದಕ್ಕೆ ಗಂಡಸರು ಕೈ ಎಲ್ಲಿಡಬೇಕೆಂದು ತಿಳಿಯದೆ ಜೇಬಿನಲ್ಲಿಟ್ಟುಕೊಂಡು ನಿಂತಿದ್ದರಂತೆ.

ಆಮೇಲೆ ಅವಳ ಮನೆಯಲ್ಲಿ ಎಲ್ಲರೂ ಕೂತಿದ್ದಾಗ ಟೋರ್ಕಿಲನ ಮಗ ಫಾರ್ಕರ್ ನನ್ನ ಹತ್ತಿರ ಬಂದ. ಕುಡಿದಿದ್ದ, ಆದರೆ ಮಾತು ತೊದಲುತ್ತಿರಲಿಲ್ಲ. ಅವನು ಹೇಳಿದ್ದನ್ನು ಹಾಗೇ ಬರೆಯುತ್ತೇನೆ.

“ಎಫಿ, ನಾವು ಓಡಿದ್ದು ಸುಳ್ಳಲ್ಲ. ಇರೋದೊಂದು ದೋಣಿ, ಮೊದ್ಲು ಹೋದೋರದ್ದು ಮೊದ್ಲು. ಅಪ್ಪನ್ನ ಆ ವಯಸ್ಸಲ್ಲಿ ನೀರು ಹೊರೋಕೆ ಬಿಡೋದುಂಟಾ? ಆದ್ರೆ ನಿಮ್ಮೋರೇ ಮುಂದಿದ್ರು ಕಣೆ. ಕಲ್ಲುಗುಡ್ಡೆಯಿಂದ ಇಳಿಯೋವಾಗ ನಿಮ್ಮಣ್ಣಾನೂ ಓಡ್ತಿದ್ದ, ಎಲ್ರಿಗಿಂತ ಜೋರಾಗಿ. ನಾವು ಹಿಡಿಯೋಕೆ ಆಗ್ತಿರ್ಲಿಲ್ಲ. ನಡುವೆ ಏನಾಯ್ತೋ, ತಟ್ಟನೆ ಕೈ ಎತ್ತಿ ನಿಲ್ಸಿದ. ‘ಇದೇನ್ ಕುದುರೆ ಜೂಜಾ? ಇಳಿಸ್ರೋ ಕೆಳಗೆ’ ಅಂದ. ಪೆಟ್ಟಿಗೆ ಇಳಿಸಿದ್ರು. ನಾವು ಪಕ್ಕದಲ್ಲೇ ಹಾದು ಹೋದ್ವಿ. ನಮಗೇ ನಾಚ್ಕೆ ಆಯ್ತು.”

ಎರಡೂವರೆ ವರ್ಷ ನಾನು ಅಂದುಕೊಂಡಿದ್ದು ಬೇರೆ. ನೀನು ಮೊದಲಿನಿಂದಲೂ ಓಡಲೇ ಇಲ್ಲ, ನಿನ್ನದು ಹಟ, ಓದಿದವರ ಜಂಬ ಎಂದುಕೊಂಡಿದ್ದೆ. ಮುಂದಿದ್ದಿರಂತೆ! ದೋಣಿ ಕಣ್ಣೆದುರಿಗಿತ್ತಂತೆ. ಅದು ನನ್ನದೇ ದೋಣಿ. ನನ್ನ ದೋಣಿಯಲ್ಲಿ ಟೋರ್ಕಿಲ್ ಹೋದ, ನನ್ನ ಮಗಳು ದಡದಲ್ಲಿ ಹುಲ್ಲಿನ ಮೇಲೆ ಕಾದಳು. ಗೆದ್ದದ್ದನ್ನು ಕೈಯಾರೆ ಬಿಟ್ಟುಕೊಟ್ಟೆ, ಯಾಕೆ? ಬುದ್ಧಿವಂತನೆನಿಸಿಕೊಳ್ಳಲಿಕ್ಕೆ? ಹೆಗಲ ಮೇಲೆ ಯಾರಿದ್ದಾರೆಂಬುದು ಮರೆತೇಹೋಯಿತೇ?

ಇನ್ನು ಬರೆಯಬೇಡ. ನನಗೆ ಅಣ್ಣ ಇದ್ದ, ಹಡಗು ಹತ್ತಿ ಹೋದ ಎಂದುಕೊಳ್ಳುತ್ತೇನೆ.

ಎಫಿ ಮಕ್‌ಫೇಲ್


ವೆಲಿಂಗ್ಟನ್, 2 ಫೆಬ್ರವರಿ 1937

ಎಫಿ,

ಬರೆಯಬೇಡ ಎಂದಿದ್ದೀಯ. ಇದೊಂದು ಬರೆದು ನಿಲ್ಲಿಸುತ್ತೇನೆ. ಹೇಗೂ ನಿಲ್ಲಿಸಲೇಬೇಕು.

ಫಾರ್ಕರ್ ಹೇಳಿದ್ದು ನಿಜ. ನಾನು ಓಡುತ್ತಿದ್ದೆ. ನಂಬಿಕೆಯಿಂದಲ್ಲ, ನೀನು ಬಾಗಿಲಲ್ಲಿ ನನ್ನ ಮುಖ ನೋಡಿದ್ದೆಯಲ್ಲ, ಅದಕ್ಕೆ. ನಿಲ್ಲಿಸಿದವನೂ ನಾನೇ. ಯಾಕೆಂದು ಯಾರಿಗೂ ಹೇಳಿಲ್ಲ. ನಿನಗೂ ಹೇಳದೆ ಹೋಗಬೇಕೆಂದಿದ್ದೆ.

ಅವಳು ಹೋದ ಬೆಳಿಗ್ಗೆ ನೀನು ನನ್ನ ಕೈಗೆ ದಾರ ಕೊಟ್ಟು ಅಳತೆ ತೆಗೆದುಕೋ ಎಂದೆ. ನಾನು ಕೋಣೆಯೊಳಗೆ ಹೋದೆ. ಸ್ವಲ್ಪ ಹೊತ್ತು ನಿಂತೆ. ದಾರವನ್ನು ಜೇಬಿಗೆ ಹಾಕಿಕೊಂಡು ಹೊರಗೆ ಬಂದೆ. ಹತ್ತೊಂಬತ್ತು ವರ್ಷ ಊರಿಗೆಲ್ಲ ಪೆಟ್ಟಿಗೆ ಮಾಡಿದವನು ನಾನು, ಅಪ್ಪನಿಗೂ ನಾನೇ ಅಳತೆ ಹಿಡಿದಿದ್ದೆ. ಆ ಕೂಸಿನ ತಲೆಯಿಂದ ಕಾಲಿನವರೆಗೆ ದಾರ ಎಳೆಯಲು ಮಾತ್ರ ನನ್ನ ಕೈಲಾಗಲಿಲ್ಲ. ಅಂದಾಜಿನ ಮೇಲೆ ಹಲಗೆ ಕೊಯ್ದೆ. ಬೆಳೆಯುವ ಮಕ್ಕಳಿಗೆ ಬಟ್ಟೆ ಹೊಲಿಸುವಾಗ ಸ್ವಲ್ಪ ಉದ್ದ ಬಿಡುತ್ತಾರಲ್ಲ, ನನ್ನ ಕೈ ತಾನಾಗಿ ಹಾಗೆ ಬಿಟ್ಟುಬಿಟ್ಟಿತು. ಮೊಳೆ ಹೊಡೆದ ಮೇಲೆ ದೊಡ್ಡದಾಯಿತೆಂದು ಗೊತ್ತಾಯಿತು. ಮರ ಮುಗಿದಿತ್ತು.

ನಡೆಯುವಾಗ ಏನೂ ತಿಳಿಯಲಿಲ್ಲ. ಕಲ್ಲುಗುಡ್ಡೆ ಬಿಟ್ಟು ಇಳಿಜಾರಿನಲ್ಲಿ ಓಡತೊಡಗಿದಾಗ ಒಳಗೆ ಸದ್ದಾಯಿತು. ಅವಳು ಜಾರಿ ಕಾಲಕಡೆಯ ಹಲಗೆಗೆ ತಾಗಿದಳು. ಮತ್ತೆ ತಾಗಿದಳು. ಉಳಿದವರ ಬೂಟಿನ ಗದ್ದಲದಲ್ಲಿ ಅವರಿಗೆ ಕೇಳಿಸಲಿಲ್ಲ. ನನ್ನ ಕಿವಿ ಪೆಟ್ಟಿಗೆಗೆ ಅಂಟಿಕೊಂಡಿತ್ತು. ಪ್ರತಿ ಹೆಜ್ಜೆಗೂ ಎಫಿ, ಪ್ರತಿ ಹೆಜ್ಜೆಗೂ. ಹತ್ತು ಹೆಜ್ಜೆ ತಡೆದುಕೊಂಡೆ. ಹನ್ನೊಂದನೆಯದು ಆಗಲಿಲ್ಲ.

ಹೊತ್ತವರಿಗೆ ಏನೆಂದು ಹೇಳಲಿ? ಬಡಗಿ ಲಾಕ್ಲನ್ ಅಳತೆ ತಪ್ಪಿದ್ದಾನೆ, ಒಳಗೆ ಕೂಸು ಅಲ್ಲಾಡುತ್ತಿದೆ ಎನ್ನಲೇ? ಬಾಯಿಗೆ ಬಂದದ್ದು ಕುದುರೆ ಜೂಜು. ಮನೆಗೆ ಬಂದು ನಿನ್ನೆದುರು ನಿಂತಾಗಲೂ ಅದನ್ನೇ ಹೇಳಿದೆ. ಒಳಗಿನ ಸದ್ದು ನಿನ್ನ ಕಿವಿಗೆ ಬೀಳುವುದಕ್ಕಿಂತ ನೀನು ನನ್ನನ್ನು ಕಲ್ಲೆದೆಯವನು ಎಂದುಕೊಳ್ಳುವುದೇ ವಾಸಿ ಎನಿಸಿತು. ಆಮೇಲೆ ನಿನ್ನ ಮುಖ ನೋಡುತ್ತ ಊರಲ್ಲಿರಲು ಆಗಲಿಲ್ಲ. ಹಡಗು ಹತ್ತಿದೆ.

ಇನ್ನೊಂದು ಮಾತು. ನನ್ನ ಹೊಟ್ಟೆಯಲ್ಲಿ ಗಡ್ಡೆಯಿದೆ, ಕಳೆದ ಬೇಸಿಗೆಯಿಂದ. ಉಳಿ ತಾಗಿತು, ಮಳೆ ಎಂದದ್ದೆಲ್ಲ ಸುಳ್ಳು. ಈಸ್ಟರ್ ದಾಟುವುದು ಕಷ್ಟ ಎಂದು ಡಾಕ್ಟರು ಹೇಳಿದ್ದಾರೆ. ಇಲ್ಲಿ ಸತ್ತವರನ್ನು ಸುಡುವ ಪದ್ಧತಿಯೂ ಇದೆ. ಬೂದಿ ಒಂದು ಡಬ್ಬಿಯಲ್ಲಿ ಹಿಡಿಸುತ್ತದೆ, ಅಂಚೆಯಲ್ಲಿ ಬರುತ್ತದೆ. ಕೌನ್ಸಿಲ್ಲಿನವರು ಪೆಟ್ಟಿಗೆಯನ್ನು ತಡೆಯಬಹುದು, ನಿನ್ನ ಬುಟ್ಟಿಯನ್ನು ಯಾರು ನೋಡುತ್ತಾರೆ?

ನಾನು ಈಗಲೂ ನಂಬುವುದಿಲ್ಲ. ಆದರೆ ನೀನು ನಂಬುತ್ತೀಯ, ಅವಳೂ ನಂಬಿದ್ದಳು. ಒಮ್ಮೆ ನನ್ನ ಕೆಲಸದ ಕೊಟ್ಟಿಗೆಯಲ್ಲಿ ಮರದ ಹೊಟ್ಟಿನ ಮೇಲೆ ಕೂತು, “ಮಾಮ, ನೀರು ಹೊರೋ ಬಕೆಟ್ಟು ಎಷ್ಟು ದೊಡ್ಡದಿರುತ್ತೆ?” ಎಂದು ಕೇಳಿದ್ದಳು. ನಾನು ತಮಾಷೆಗೆ, “ನಿನಗಿಂತ ದೊಡ್ಡದು” ಎಂದಿದ್ದೆ.

ಸುಟ್ಟವನು ಕೊನೆಯ ದಿನ ಎದ್ದು ಬರುವುದಿಲ್ಲ ಎಂದು ಪಾದ್ರಿ ಹೇಳಬಹುದು. ನಾನು ಬರಬೇಕಾದದ್ದು ಗೇಟಿನವರೆಗೆ ಮಾತ್ರ. ನೀನು ಬೇಡವೆಂದರೆ ಮಿಸೆಸ್ ಟಲ್ಲಿ ಇಲ್ಲೇ ಎಲ್ಲಾದರೂ ಹಾಕುತ್ತಾಳೆ. ಬೇಡವೆನ್ನುವುದಾದರೆ ಬೇಗ ಬರೆ.

ಲಾಕ್ಲನ್


ಅಖನಾರಿ, 22 ಮಾರ್ಚ್ 1937

ಅಣ್ಣಾ,

ನಿನ್ನ ಕಾಗದ ಬಂದು ಐದು ದಿನವಾಯಿತು. ಮೊದಲ ದಿನ ನಿನ್ನ ಮೇಲೆ ಸಿಟ್ಟು ಬಂತು, ಹೇಳದೆ ಇದ್ದದ್ದಕ್ಕೆ. ಎರಡನೆಯ ದಿನ ಹೇಳಿದ್ದಕ್ಕೆ ಬಂತು. ಆ ಸದ್ದು ಈಗ ನನ್ನ ಕಿವಿಯಲ್ಲೂ ಇದೆ. ಇರಲಿ. ತಾಯಿಯಾದವಳ ಕಿವಿಯಲ್ಲಿ ಅದು ಮೊದಲೇ ಇರಬೇಕಾಗಿತ್ತು.

ನಾನೂ ಒಂದು ಮುಚ್ಚಿಟ್ಟಿದ್ದೇನೆ. ನೀನು ಪೆಟ್ಟಿಗೆ ತಂದಿಟ್ಟು ಹೊರಗೆ ಹೋದೆಯಲ್ಲ, ಆಗ ಬೇಹಗ್ ಅಜ್ಜಿ ನೋಡಿ ಹೇಳಿದಳು, “ದೊಡ್ಡದಾಯ್ತಲ್ಲೇ ಎಫಿ. ಅವಳ ಕಂಬಳಿ ಸುತ್ತಿ ಒತ್ತಾಗಿ ಇಡು, ಅಲ್ಲಾಡಲ್ಲ.” ಸುತ್ತಿದೆ. ಒತ್ತಿ ಒತ್ತಿ ಇಟ್ಟೆ. ಕಡ್ಡಿ ಹೋಗುವಷ್ಟೂ ಸಂದಿ ಉಳಿಯಲಿಲ್ಲ ಅಣ್ಣಾ, ನಿನ್ನ ಪೆಟ್ಟಿಗೆ ಸರಿಯಾಗೇ ಕೂತಿತ್ತು. ಅಜ್ಜಿ ಒಲೆಯ ಕಡೆ ತಿರುಗಿದಾಗ ನಾನು ಕಂಬಳಿ ಬಿಚ್ಚಿ ತೆಗೆದುಕೊಂಡುಬಿಟ್ಟೆ. ಅದರಲ್ಲಿ ಅವಳ ಮೈವಾಸನೆ ಇತ್ತು. ಅದೂ ಮಣ್ಣಿಗೆ ಹೋದರೆ ನನಗೆ ಏನೂ ಉಳಿಯುವುದಿಲ್ಲವೆಂದು ಹೊಟ್ಟೆಬಾಕಿಯ ಹಾಗೆ ಕಿತ್ತುಕೊಂಡೆ. ಬರಿಯ ಬಿಳಿಬಟ್ಟೆಯಲ್ಲಿ ಅವಳನ್ನು ಕಳಿಸಿದೆ. ಮುಚ್ಚಳ ನಾನೇ ಹಾಕಿದೆ, ಯಾರಿಗೂ ಕಾಣಬಾರದೆಂದು.

ವಾಸನೆ ಆರು ತಿಂಗಳೂ ಇರಲಿಲ್ಲ.

ಅವಳು ಅಲ್ಲಾಡಿದ್ದು ನನ್ನಿಂದ. ನೀನು ನಿಲ್ಲಿಸಿದ್ದು ಸರಿ. ನಾನು ಹೊತ್ತಿದ್ದರೆ ನಾನೂ ನಿಲ್ಲಿಸುತ್ತಿದ್ದೆ. ಇಷ್ಟು ವರ್ಷ ನಿನ್ನ ಮೇಲೆ ಗೂಬೆ ಕೂರಿಸಿ ನಾನು ಆರಾಮಾಗಿದ್ದೆ.

ಸುಡುವುದೆಂದರೆ ನನಗೆ ಮೈ ನಡುಗುತ್ತದೆ. ಆದರೂ ಬಾ. ಹೇಗಾದರೂ ಬಾ, ಜಾಗ ಮಾಡುತ್ತೇನೆ. ಆದರೆ ಅವಸರ ಮಾಡಬೇಡ. ಈ ಕಾಗದ ಮುಟ್ಟುವವರೆಗೆ ಇರು. ಓದಿ, ಸರಿ ಎಫಿ ಎಂದು ಒಂದು ಸಾಲು ಬರೆ, ಆಮೇಲೆ ನಿನ್ನಿಷ್ಟ. ಹಡಗಿಗೆ ಆರು ವಾರ ಬೇಕು. ಆರು ವಾರ ತಡೆದುಕೋ ಅಣ್ಣಾ.

ನಿನ್ನ ಎಫಿ


ವೆಲಿಂಗ್ಟನ್, 10 ಮೇ 1937

ಮಿಸೆಸ್ ಮಕ್‌ಫೇಲ್ ಅವರಿಗೆ,

ನಿಮ್ಮ ಅಣ್ಣ ಏಪ್ರಿಲ್ 19ರಂದು ಮಧ್ಯಾಹ್ನ ನನ್ನ ಮನೆಯಲ್ಲೇ ತೀರಿಕೊಂಡರು. ಆಸ್ಪತ್ರೆ ಬೇಡವೆಂದು ಹಟ ಮಾಡಿದರು. ಹಟ ಮಾಡಿ ಈಸ್ಟರನ್ನೂ ಮೂರು ವಾರ ದಾಟಿಸಿದರು. ಅಂಚೆಯವನು ಬಂದಾಗಲೆಲ್ಲ, “ಏನಾದ್ರೂ ಬಂತಾ?” ಎಂದು ಕೇಳುತ್ತಿದ್ದರು. ಏನನ್ನು ಕಾಯುತ್ತಿದ್ದಾರೆಂದು ನನಗೆ ಹೇಳಲಿಲ್ಲ. ನಿಮ್ಮಿಂದ ಬೇಡವೆಂಬ ಉತ್ತರ ಬಾರದಿದ್ದರೆ ಕಳಿಸಿಬಿಡಿ ಎಂದಷ್ಟೇ ಹೇಳಿದ್ದರು.

ನಿಮ್ಮ ಕಾಗದ ಮೇ ಆರಕ್ಕೆ ಬಂತು. ನನಗೆ ನಿಮ್ಮ ಭಾಷೆ ಬಾರದು, ಬಂದರೂ ಇನ್ನೊಬ್ಬರ ಕಾಗದ ಒಡೆಯುವವಳಲ್ಲ. ಅವರಿಗೇ ಬಂದದ್ದು, ಅವರ ಜೊತೆಗೇ ಇರಲಿ ಎಂದು ಒಡೆಯದೆ ಕಳಿಸುತ್ತಿದ್ದೇನೆ. ಡಬ್ಬಿಯ ಅಳತೆಯನ್ನು ಮೊದಲೇ ತರಿಸಿಕೊಂಡು ಅದಕ್ಕೆ ಮರದ ಪೆಟ್ಟಿಗೆಯನ್ನು ಅವರೇ ಮಾಡಿದರು, ಹಾಸಿಗೆಯ ಮೇಲೆ ಕೂತು, ದಿನಕ್ಕೆ ಸ್ವಲ್ಪ ಸ್ವಲ್ಪ. ಒಳಗೆ ಕಾಗದ ತೂರಿಸಲು ನೋಡಿದೆ, ಒಂದು ಹಾಳೆ ಹಿಡಿಸುವಷ್ಟೂ ಜಾಗ ಬಿಟ್ಟಿರಲಿಲ್ಲ. ಹೊರಗೆ ದಾರದಿಂದ ಕಟ್ಟಿದ್ದೇನೆ.

ಮೂರು ವರ್ಷದಲ್ಲಿ ಅವರು ಒಮ್ಮೆಯೂ ನನ್ನ ಮನಸ್ಸು ನೋಯಿಸಲಿಲ್ಲ. ಊಟ ಮಾತ್ರ ಸರಿಯಾಗಿ ಮಾಡುತ್ತಿರಲಿಲ್ಲ.

ಪ್ರುಡೆನ್ಸ್ ಟಲ್ಲಿ


ಅಖನಾರಿ, 6 ಜುಲೈ 1937

ಮಿಸೆಸ್ ಟಲ್ಲಿ ಅವರಿಗೆ,

ನಾನು ಹೇಳುವುದನ್ನು ನಮ್ಮ ಟೀಚರಮ್ಮ ಇಂಗ್ಲಿಷಿನಲ್ಲಿ ಬರೆಯುತ್ತಿದ್ದಾಳೆ. ಯಾರಿಗೂ ಬಾಯಿ ಬಿಡುವುದಿಲ್ಲವೆಂದು ಬೈಬಲ್ ಮೇಲೆ ಕೈಯಿಡಿಸಿದ್ದೇನೆ. ನೀವೂ ಬಿಡಬೇಡಿ.

ಅಣ್ಣ ಬಂದು ಮುಟ್ಟಿದ. ಪೆಟ್ಟಿಗೆಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ ನೋಡಿದೆ. ಒಳಗೆ ಸದ್ದೇ ಇಲ್ಲ.

ಶನಿವಾರ ದೋಣಿಯಲ್ಲಿ ಎಂಟು ಜನರಿದ್ದರು, ಜೊತೆಗೆ ಪಿಟ್‌ಕೆರ್ನ್ ಸಾಹೇಬರು. ಒಬ್ಬಳೇ ಹೋದರೆ ಊರಿನವರು ಯಾಕೆಂದು ಕೇಳುತ್ತಾರೆ, ಗುಂಪಿನಲ್ಲಿ ಹೋದರೆ ಕೇಳುವುದಿಲ್ಲ. ಚಹಾದ ಬುಟ್ಟಿಯಲ್ಲಿ ಬನ್ನುಗಳ ಕೆಳಗೆ ಅಣ್ಣ ಇದ್ದ. ಸಾಹೇಬರು ಎಲ್ಲರನ್ನೂ ಮುರುಕು ಗೋಡೆಯ ಆಚೆ ಕರೆದೊಯ್ದು ಸಂತ ಮೋವಾನನ ಚರಿತ್ರೆ ಹೇಳುತ್ತಿದ್ದಾಗ ನಾನು ಮಾರ್ಸಲಿಯ ಕಾಲಕಡೆ ಮಣ್ಣು ತೆಗೆದೆ. ಕಂಬಳಿಯನ್ನೂ ತಂದಿದ್ದೆ. ಅದನ್ನು ಮೊದಲು ಹಾಸಿದೆ, ಅದರ ಮೇಲೆ ಅಣ್ಣನನ್ನಿಟ್ಟೆ. ನನ್ನ ಕಾಗದವನ್ನು ಒಡೆಯದೆ ಅವನ ಜೊತೆಗೇ ಬಿಟ್ಟೆ.

ಟೋಪಿ ಹಾಕಿಕೊಂಡ ಒಬ್ಬ ಹೆಂಗಸು ಹಿಂದಿನಿಂದ ಬಂದು, “ಏನ್ ನೆಡ್ತಿದ್ದೀರಮ್ಮ?” ಎಂದು ಕೇಳಿದಳು. ಅಷ್ಟು ಇಂಗ್ಲಿಷ್ ನನಗೆ ತಿಳಿಯುತ್ತದೆ.

“ಹೂವಿನ ಗೆಡ್ಡೆ” ಎಂದೆ.

“ಯಾವ ಹೂವು?”

“ಬಂದ್ಮೇಲೆ ನೋಡಿ.”

ಅವಳು ನನ್ನದೊಂದು ಫೋಟೋ ತೆಗೆದುಕೊಂಡಳು. ನಮ್ಮ ಮನೆತನದಲ್ಲಿ ಹೂಳುವ ಹೊತ್ತಿಗೆ ಹತ್ತಿರವಿದ್ದ ಹೆಂಗಸು ನಾನೊಬ್ಬಳೇ ಇರಬೇಕು. ಅದರ ಫೋಟೋ ಯಾರದೋ ಮನೆಯ ಆಲ್ಬಮ್ಮಿನಲ್ಲಿರುತ್ತದೆ.

ಆಮೇಲೆ ಗೇಟಿನ ಹತ್ತಿರ ಹೋಗಿ ಮೆಲ್ಲಗೆ ಹೇಳಿದೆ, “ಮಾರ್ಸಲಿ, ಮಾಮ ಬಂದಿದ್ದಾನೆ. ಬಕೆಟ್ಟು ಅವನ ಕೈಗೆ ಕೊಡು. ನೀನಿನ್ನು ಹೋಗು ಮಗಳೇ.” ಏನೂ ಆಗಲಿಲ್ಲ. ಗಾಳಿ ಕೂಡ ಬೀಸಲಿಲ್ಲ. ಗೋಡೆಯಾಚೆ ಸಾಹೇಬರು ಇನ್ನೂ ಮಾತಾಡುತ್ತಿದ್ದರು. ನಾನು ಕೈ ತೊಳೆದುಕೊಂಡು ಎಲ್ಲರಿಗೂ ಚಹಾ ಕೊಟ್ಟೆ.

ಅಣ್ಣ ನಂಬದೇ ಹೋದವನು, ಆದರೂ ನಿಂತಿದ್ದಾನೆಂದು ನನಗೆ ಗೊತ್ತು. ಸ್ಮಶಾನ ಮುಚ್ಚಿದೆ, ಅವನನ್ನು ಬಿಡಿಸಲು ಯಾರೂ ಬರುವುದಿಲ್ಲ. ಅದಕ್ಕೆ ನಾನು ಅತ್ತಾಯಿತು. ಈಗ ಅಳುವುದು ಅದಕ್ಕಲ್ಲ. ಟೀಚರಮ್ಮ ಇದನ್ನು ಬರೆಯಲೋ ಬೇಡವೋ ಎಂದು ಕೇಳುತ್ತಿದ್ದಾಳೆ, ಬರೆ ಎಂದಿದ್ದೇನೆ. ಮೂರು ವರ್ಷ ಆ ಗೇಟಿನ ಮುಂದೆ ದೋಣಿ ಹಾದಾಗಲೆಲ್ಲ ನಾನು ಅವಳನ್ನು ಮಾತಾಡಿಸುತ್ತಿದ್ದೆ. ಚಳಿ ಆಗ್ತಿದೆಯಾ, ಕೈ ನೋಯ್ತಿದೆಯಾ, ಇವತ್ತು ನಿನಗಿಷ್ಟವಾದ ಗಂಜಿ ಮಾಡಿದ್ದೆ ಕಣೆ ಎಂದು ಮನಸ್ಸಿನಲ್ಲೇ ಹೇಳುತ್ತಿದ್ದೆ. ನಿನ್ನೆ ಹುಟ್ಟು ಹಾಕುತ್ತ ಅಭ್ಯಾಸಬಲದಿಂದ ಆ ಕಡೆ ತಿರುಗಿದೆ. ಹೇಳಲು ಏನೂ ಇರಲಿಲ್ಲ. ಅವಳು ಅಲ್ಲಿಲ್ಲ, ನಾನೇ ಕಳಿಸಿದ್ದೇನೆ. ಮೂರು ವರ್ಷ ನನ್ನ ಮಗಳು ಎಲ್ಲಿದ್ದಾಳೆಂದು ನನಗೆ ಗೊತ್ತಿತ್ತು. ಈಗ ಗೊತ್ತಿಲ್ಲ.

ಎಫಿ ಮಕ್‌ಫೇಲ್, ಹೇಳಿ ಬರೆಸಿದ್ದು